ಹಟ್ಟಿಯ ಗೂಡಿನಲ್ಲಿದ್ದ ನೀಲಿ ಬಟ್ಟಲು

ಧನ್ಯಾ, ಚರಣ್, ಪುಟ್ಟಿ, ಹೋದ ರಜೆಯಲ್ಲಿ ನೀವು ಮೂವರೂ ನನ್ನನ್ನು ಮಡಿಕೇರಿಯ ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಅಲ್ಲಿ ಗೋಡೆಗೆ ಅಲಂಕಾರಕ್ಕೆ ಹಾಕುವ ನೀಲಿ ಬಿಳಿ ಪಿಂಗಾಣಿ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ನಾನು ಒಂದನ್ನು ಎತ್ತಿಕೊಂಡೆ. ಅದರ ಚಿತ್ರ ನೋಡದೆ ಬೋರಲು ಮಾಡಿದೆ. ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ ತಟ್ಟೆಯ ಅಡಿಗೆ ಒತ್ತಿ ನೋಡಿದೆ. ಅಂಗಡಿಯಾಕೆ ಮುಖ ಸಿಂಡರಿಸಿದಳು. ಪುಟ್ಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅಜ್ಜಿ, ಅದು ತಿನ್ನುವ ಸಾಮಾನಲ್ಲ ಎಂದ ಚರಣ್. ಧನ್ಯಾ ಮಾತ್ರ ಕಾರಿನಲ್ಲಿ ಕೇಳಿದಳು, ನಿಮಗೆ ಇದೆಲ್ಲ ಎಲ್ಲಿ ಗೊತ್ತಾಯಿತು ಎಂದು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ನನಗೆ ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ. ನಿಮ್ಮ ಅಜ್ಜನ ಜೊತೆ ಅಷ್ಟು ವರ್ಷ ಬಾಳಿದೆ, ಅವರಿಗೂ ಇದನ್ನು ಹೇಳಿದವಳಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಕೆಲವೇ ತರಗತಿ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಾನು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ಸಂಪಾಜೆಯ ದಾರಿಯಲ್ಲಿ ಬಸ್ಸು ಇಳಿದು ಗುಡ್ಡ ಹತ್ತಿ ಒಂದು ಗಂಟೆ ನಡೆದರೆ ಆ ಮನೆ. ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿತ್ತು. ಮುಂದೆ ಉದ್ದದ ಜಗಲಿ, ಅದರ ಕೆಳಗೆ ಕಾಫಿ ಒಣಗಿಸುವ ಕಣ, ಒಳಗೆ ಹಿರಿಯರಿಗೆ ದೀಪ ಇಡುವ ಕತ್ತಲೆ ಕೋಣೆ, ಅದರಾಚೆ ಅಡಿಗೆಮನೆ. ಹಿಂದುಗಡೆ, ಅಂಗಳ ದಾಟಿದರೆ ದನದ ಹಟ್ಟಿ. ದೊಡ್ಡಪ್ಪನ ಇಬ್ಬರು ಗಂಡುಮಕ್ಕಳು ಮಡಿಕೇರಿಯಲ್ಲಿ ಉಳಿದು ಓದುತ್ತಿದ್ದರು. ನನ್ನ ಅಪ್ಪ ಪೊನ್ನಂಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಎರಡು ತಿಂಗಳಿಗೊಮ್ಮೆ ಬಂದು, ನನ್ನ ತಲೆಯ ಮೇಲೆ ಕೈ ಇಟ್ಟು, ಮಾರನೆಯ ದಿನ ಹೋಗಿಬಿಡುತ್ತಿದ್ದರು. ಹಾಗಾಗಿ ಅಷ್ಟು ದೊಡ್ಡ ಮನೆಯಲ್ಲಿ ದೊಡ್ಡಪ್ಪ, ದೊಡ್ಡವ್ವ, ಅಜ್ಜಿ ಮತ್ತು ನಾನು. ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಹೊಟ್ಟೆಗೆ ಕಡಿಮೆ ಮಾಡಿದವರೂ ಅಲ್ಲ. ಬೆಳಿಗ್ಗೆ ಗಂಜಿ ಮತ್ತು ಸುಟ್ಟ ಒಣಮೀನು, ಮಧ್ಯಾಹ್ನ ಅನ್ನಕ್ಕೆ ಕೈಪುಳಿ ಹಣ್ಣಿನ ಗೊಜ್ಜೋ ಎಳೆ ಬಿದಿರಿನ ಕಣಿಲೆಯ ಸಾರೋ, ರಾತ್ರಿ ರೊಟ್ಟಿ. ಹೊತ್ತಿಗೆ ಸರಿಯಾಗಿ ನನ್ನ ಎಲೆ ಹಾಕುತ್ತಿದ್ದರು. ಆದರೆ ಬೆಳಗಿನಿಂದ ಸಂಜೆವರೆಗೆ ಒಂದೇ ಒಂದು ಮಾತು ಆಡದೆ ಕಳೆದ ದಿನಗಳು ಎಷ್ಟೋ. ಕೆಲವೊಮ್ಮೆ ಧ್ವನಿ ಇದೆಯೋ ಇಲ್ಲವೋ ಎಂದು ನೋಡಲು ನಾನು ಹಟ್ಟಿಗೆ ಹೋಗಿ ಕರುವಿನ ಹೆಸರು ಕೂಗುತ್ತಿದ್ದೆ.

ಅವ್ವ ತೀರಿಕೊಂಡಾಗ ನನಗೆ ಎಂಟು ತುಂಬಿತ್ತು. ಹೆರಿಗೆ ಕಷ್ಟವಾಯಿತು, ಮಗು ಉಳಿಯಲಿಲ್ಲ, ಕೆಲವು ದಿನ ಜ್ವರದಲ್ಲಿ ಮಲಗಿ ಅವ್ವನೂ ಉಳಿಯಲಿಲ್ಲ. ಅವಳ ತವರು ಘಟ್ಟದ ಕೆಳಗೆ. ಮದುವೆಯಾಗಿ ಬರುವಾಗ ಅಲ್ಲಿಂದ ಒಂದು ನೀಲಿ ಬಿಳಿ ಪಿಂಗಾಣಿ ಬಟ್ಟಲು ತಂದಿದ್ದಳು. ಎರಡು ಕೈ ಸೇರಿಸಿದ ಬೊಗಸೆಯಷ್ಟು ದೊಡ್ಡದು. ಹೊರಮೈಯಲ್ಲಿ ಒಂದು ದೋಣಿ, ದೋಣಿಯಲ್ಲಿ ಬೆನ್ನು ಬಾಗಿಸಿ ಕುಳಿತ ಒಬ್ಬ ಮನುಷ್ಯ, ಮೂರೇ ಗೆರೆಯಲ್ಲಿ ಎಳೆದ ಗುಡ್ಡ, ಎರಡು ಹಕ್ಕಿ. ಒಳಗೆ ತಳದಲ್ಲಿ ಒಂದು ಹೂವು. ಗಂಜಿ ತುಂಬಿದಾಗ ಹೂವು ಮುಳುಗಿರುತ್ತಿತ್ತು. ಹೂ ಕಾಣುವವರೆಗೆ ಉಣ್ಣಬೇಕು ಎಂದು ಅವ್ವ ಹೇಳುತ್ತಿದ್ದಳು. ನಾನು ಅದರಲ್ಲಿಯೇ ಉಂಡು ಬೆಳೆದೆ.

ಸೂತಕ ಕಳೆಯುವ ದಿನ ನಮ್ಮಲ್ಲಿ ಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತರುತ್ತಿದ್ದರು. ಮಣ್ಣಿನ ಮಡಕೆ, ಓಡು, ಮೀನಿನ ಚಟ್ಟಿ, ಇವನ್ನು ಎಲ್ಲೆಯಾಚೆ ಎಸೆಯಬೇಕು. ತಾಮ್ರ, ಕಂಚು, ಹಿತ್ತಾಳೆಯನ್ನು ಹುಣಸೆ ಬೂದಿ ಹಾಕಿ ತಿಕ್ಕಿದರೆ ಒಳಗೆ ಬರಬಹುದು. ಮಣ್ಣು ನೀರು ಕುಡಿಯುತ್ತದೆ, ನೀರು ಕುಡಿಯುವುದು ಸೂತಕವನ್ನೂ ಕುಡಿಯುತ್ತದೆ ಎನ್ನುವುದು ಲೆಕ್ಕ. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಉಳಿದದ್ದು ಆ ಬಟ್ಟಲು ಒಂದೇ. ದೊಡ್ಡವ್ವ ಅದನ್ನು ಬೆರಳ ತುದಿಯಲ್ಲಿ ಹಿಡಿದು ಎತ್ತಿದಳು. ನಮ್ಮ ಮನೆಮಾತು ಅರೆಭಾಷೆ. ನಿಮಗೆ ತಿಳಿಯಲೆಂದು ಸ್ವಲ್ಪ ಸಡಿಲ ಮಾಡಿ ಬರೆದಿದ್ದೇನೆ.

“ಅತ್ತೆ, ಇದ್ರ ಎಂತ ಮಾಡುದು? ಇದು ಮಣ್ಣೋ, ಅಲ್ಲವೋ?”

ಅಜ್ಜಿ ಬಟ್ಟಲನ್ನು ನೋಡಲಿಲ್ಲ. ಒಲೆಗೆ ಹೊಸ ಸಗಣಿ ಸಾರಿಸುತ್ತಿದ್ದವರು ಸ್ವಲ್ಪ ಹೊತ್ತು ಕೈ ನಿಲ್ಲಿಸಿದರು.

“ಹಟ್ಟಿಲಿ ಇರ್ಲಿ.”

“ಹಟ್ಟಿಲಿ ಇಟ್ರೆ ಒಳಗೋ ಹೊರಗೋ?”

“ಹಟ್ಟಿಲಿ ಇರ್ಲಿ ಹೇಳಿದೆನಲ್ಲ.”

ಹಟ್ಟಿಯ ಗೋಡೆಯಲ್ಲಿ, ಹಾಲು ಕರೆಯುವ ಜಾಗದ ಮೇಲೆ, ದೀಪ ಇಡಲು ಒಂದು ಗೂಡು ಇತ್ತು. ಬಟ್ಟಲು ಅಲ್ಲಿ ಕುಳಿತಿತು. ಎಸೆಯಲಿಲ್ಲ, ಮನೆಯೊಳಗೂ ತರಲಿಲ್ಲ. ನನಗೆ ಬೇರೆ ಕಂಚಿನ ಬಟ್ಟಲು ಕೊಟ್ಟರು. ಶಾಲೆಯಿಂದ ಬಂದವಳು ನಾನು ಮೊದಲು ಹಟ್ಟಿಗೆ ಹೋಗಿ, ಹುಲ್ಲಿನ ಕಟ್ಟಿನ ಮೇಲೆ ಹತ್ತಿ ನಿಂತು, ಅದರ ಧೂಳು ಒರೆಸಿ ದೋಣಿಯವನನ್ನು ನೋಡಿ ಬರುತ್ತಿದ್ದೆ. ನನಗೆ ಆ ಕಾಲದಲ್ಲಿ ಬೇಕಾಗಿದ್ದದ್ದು ಒಂದೇ. ಆ ಬಟ್ಟಲು ಮನೆಯ ಒಳಗೆ ಬರಬೇಕು, ನಾನು ಅದರಲ್ಲಿ ಉಣ್ಣಬೇಕು. ಅದನ್ನು ಯಾರ ಬಳಿ ಕೇಳುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ತಿಳಿಯದೆ ಎರಡು ವರ್ಷ ಕಳೆಯಿತು.

ಆ ಹೊತ್ತಿಗೆ ನಮ್ಮ ಬದಿಯ ಎಸ್ಟೇಟಿನ ಬಿಳಿ ದೊರೆ ತೋಟ ಮಾರಿ ಅವನ ದೇಶಕ್ಕೆ ಹೊರಟ. ಬಂಗಲೆಯ ಸಾಮಾನನ್ನೆಲ್ಲ ಹುಲ್ಲಿನ ಮೇಲೆ ಹರಡಿ ಹರಾಜು ಹಾಕಿದರು. ದೊಡ್ಡಪ್ಪನಿಗೆ ಹರಾಜು ಎಂದರೆ ಹಬ್ಬ. ಹಿಂದೊಮ್ಮೆ ಮೂರೇ ಕಾಲಿದ್ದ ಕುರ್ಚಿ ತಂದು, ನಾಲ್ಕನೆಯದನ್ನು ಮಾಡಿಸಿದರಾಯಿತು ಎಂದು ಅದನ್ನು ಜಗಲಿಯ ಗೋಡೆಗೆ ಒರಗಿಸಿ ವರ್ಷಗಟ್ಟಲೆ ಇಟ್ಟಿದ್ದರು. ಈ ಸಲ ಕೋವಿ, ಗಡಿಯಾರಗಳಿಗೆ ಬೇರೆಯವರು ಮುಗಿಬಿದ್ದರು. ಯಾರಿಗೂ ಬೇಡವಾಗಿ ಉಳಿದ ಎರಡು ಮರದ ಪೆಟ್ಟಿಗೆ ದೊಡ್ಡಪ್ಪನಿಗೆ ಸಿಕ್ಕಿತು. ತೆರೆದರೆ ಒಣಹುಲ್ಲಿನ ಮಧ್ಯೆ ನೀಲಿ ಬಿಳಿ ತಟ್ಟೆಗಳು, ಬೋಗುಣಿಗಳು, ಕೆಲವಕ್ಕೆ ಚಿನ್ನದ ಅಂಚು.

“ಮಂಗಳೂರಿಲಿ ಇದಕ್ಕೆ ಎಂಥ ಬೆಲೆ ಉಟ್ಟು ಗೊತ್ತುಟ್ಟಾ ನಿಂಗೆ?” ಎಂದರು ದೊಡ್ಡಪ್ಪ.

ದೊಡ್ಡವ್ವ ಸೆರಗನ್ನು ಮೂಗಿಗೆ ಹಿಡಿದು ದೂರ ನಿಂತಿದ್ದಳು.

“ದೊರೆ ಇದ್ರಲ್ಲಿ ಎಂತೆಂತ ತಿಂದಿರೊಕು? ದನ ತಿಂದ ತಟ್ಟೆ ಹಿರಿಯರಿಗೆ ದೀಪ ಇಡುವ ಮನೆಗೆ ತಂದಿರಲ್ಲ! ಕುರ್ಚಿಗೆ ಕಾಲು ಇಲ್ಲೆ, ಇದ್ರ ತಂದವ್ರಿಗೆ ತಲೆ ಇಲ್ಲೆ.”

ಇಬ್ಬರ ಜಗಳ ಎರಡು ದಿನ ನಡೆಯಿತು. ಪೆಟ್ಟಿಗೆ ಕಣದಲ್ಲೇ ಇತ್ತು. ಕೊನೆಗೆ ಅಜ್ಜಿ ತೀರ್ಪು ಕೊಟ್ಟರು. ಬಟ್ಟೆ ಬೇಯಿಸುವ ದೊಡ್ಡ ತಾಮ್ರದ ಹಂಡೆಯನ್ನು ಅಂಗಳದಲ್ಲಿ ಒಲೆಗೆ ಏರಿಸುವುದು, ಒಂದು ಗೆರಸೆ ಬೂದಿ ಸುರಿಯುವುದು, ತಟ್ಟೆಗಳನ್ನೆಲ್ಲ ಅದರಲ್ಲಿ ಕುದಿಸುವುದು. ನೀರು ಕುಡಿದು ಬಂದದ್ದು ಮಣ್ಣು, ಎಸೆಯಿರಿ. ಕುಡಿಯದೆ ಬಂದದ್ದು ಮಣ್ಣಲ್ಲ, ಇಟ್ಟುಕೊಳ್ಳಿ. ಅಜ್ಜಿಯ ಬಾಯಿಂದ ಈ ಮಾತು ಕೇಳಿದವಳೇ ನಾನು ಹಟ್ಟಿಯ ಕಡೆ ನೋಡಿದೆ. ಹಾಗಾದರೆ ಆ ಬಟ್ಟಲನ್ನೂ ತಂದು ಹಾಕಬಹುದಲ್ಲ. ನಾನು ಒಲೆಗೆ ಸೌದೆ ತಂದುಕೊಡುತ್ತ ಮಧ್ಯಾಹ್ನವೆಲ್ಲ ಅಲ್ಲೇ ಸುತ್ತಿದೆ. ಯಾರಾದರೂ ಈಗ ಹೇಳುತ್ತಾರೆ, ಆ ಬಟ್ಟಲನ್ನೂ ತಾ ಗೂಡೆ ಎಂದು, ಈಗ ಹೇಳುತ್ತಾರೆ ಎಂದು ಕಾದೆ. ನಮ್ಮಲ್ಲಿ ಹುಡುಗಿಯನ್ನು ಗೂಡೆ ಎಂದೇ ಕರೆಯುವುದು. ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಜ್ಜಿ ಒಂದು ಸಲ ನನ್ನ ಕಡೆ ನೋಡಿ, ಕಣ್ಣಿಗೆ ಹೊಗೆ ಹೋದವರಂತೆ ಮುಖ ತಿರುಗಿಸಿದರು.

ಹಂಡೆಯಿಂದ ಹೊರಬಂದ ತಟ್ಟೆಗಳನ್ನು ಕಂಡು ದೊಡ್ಡಪ್ಪ ಕಣದ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಚಿನ್ನದ ಅಂಚು ಬೂದಿ ನೀರಿನ ಪಾಲಾಗಿತ್ತು. ಹೆಚ್ಚಿನ ತಟ್ಟೆಗಳ ಮೈ ಮೇಲೆ ಜೇಡರ ಬಲೆಯಂತೆ ಸಣ್ಣ ಬಿರುಕು ಎದ್ದು, ಬಿರುಕಿನೊಳಗೆ ಕಂದು ನೀರು ಇಳಿದಿತ್ತು. ಕೆಲವು ಎರಡು ಹೋಳಾಗಿದ್ದವು. ಆರು ಮಾತ್ರ ಏನೂ ಆಗದೆ, ಈಗ ತಾನೇ ಮಿಂದು ಬಂದ ಹಾಗೆ ಇದ್ದವು. ನಾವು ತಿಂಗಳುಗಟ್ಟಲೆ ಕುಳಿತು ನೋಡಿದರೂ ತಿಳಿಯದಿದ್ದದ್ದನ್ನು ಅಜ್ಜಿಯ ಹಂಡೆ ಅರ್ಧ ದಿನದಲ್ಲಿ ಬೇರೆ ಮಾಡಿತ್ತು. ಆಗ ನಮಗೆ ಅದು ಗೊತ್ತಿರಲಿಲ್ಲ.

ವಾರ ಕಳೆದು ಅದ್ರಾಮ ಬ್ಯಾರಿ ಬಂದ. ಕೆಳಗಿನ ಸೀಮೆಯಿಂದ ಘಟ್ಟ ಹತ್ತಿ ಬಂದು ಮನೆ ಮನೆಯ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿ. ದೊರೆಗಳು ಹೊರಟ ಮೇಲೆ ಅವನ ಓಡಾಟ ಹೆಚ್ಚಾಗಿತ್ತು. ನರೆತ ಗಡ್ಡ, ಮಡಿಚಿ ಕಟ್ಟಿದ ಲುಂಗಿ, ಹೆಗಲಲ್ಲಿ ಎರಡು ಗೋಣಿ ಚೀಲ. ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು, ದೊಡ್ಡಪ್ಪ ತಟ್ಟೆಗಳನ್ನು ತಂದು ಮುಂದಿಟ್ಟಾಗ ಅವನು ಒಂದನ್ನು ಮೂಸಿ ನೋಡಿದ.

“ಇದಕ್ಕೆ ಎಂತ ಮಾಡಿದ್ದು ಗೌಡ್ರೆ?”

ದೊಡ್ಡಪ್ಪ ನಾಚಿಕೊಂಡು ಹಂಡೆಯ ಕಥೆ ಹೇಳಿದರು. ಬ್ಯಾರಿ ತಟ್ಟೆಯನ್ನು ಕೆಳಗಿಟ್ಟ.

“ಅಲ್ಲ ಮಾರಾಯ್ರೆ, ತಟ್ಟೆಗೆ ಗಂಜಿ ಹಾಕುದು ನೋಡಿದ್ದೇನೆ. ತಟ್ಟೆಯನ್ನೇ ಗಂಜಿ ಮಾಡುದು ಇವತ್ತೇ ನೋಡಿದ್ದು!”

ಬಾಗಿಲ ಹಿಂದೆ ನಿಂತಿದ್ದ ದೊಡ್ಡವ್ವ ಕೂಡ ನಕ್ಕುಬಿಟ್ಟಳು. ನಾನು ಕಂಬದ ಮರೆಯಲ್ಲಿದ್ದೆ. ಬ್ಯಾರಿ ತಟ್ಟೆಗಳನ್ನು ಎರಡು ರಾಶಿ ಮಾಡತೊಡಗಿದ. ಒಂದೊಂದನ್ನೂ ಎತ್ತಿದ ಕೂಡಲೇ ಬೋರಲು ಹಾಕುತ್ತಿದ್ದ. ಚಿತ್ರದ ಕಡೆ ಕಣ್ಣೇ ಹಾಯಿಸುತ್ತಿರಲಿಲ್ಲ. ನಾನು ಕಂಬದಿಂದ ಒಂದು ಹೆಜ್ಜೆ ಮುಂದೆ ಬಂದೆ. ಅವನು ತಲೆ ಎತ್ತದೆಯೇ ಹೇಳಿದ.

“ಬಾ ಮಗಳೇ. ಮುಖ ನೋಡ್ಬೇಡ, ಮುಖ ಎಲ್ಲರದ್ದೂ ಚಂದವೇ. ಪಾದ ನೋಡು.”

ತಟ್ಟೆಯ ಅಡಿಯಲ್ಲಿ ನೆಲಕ್ಕೆ ತಾಗುವ ಬಳೆಯಂಥ ಅಂಚಿಗೆ ಅವನು ಪಾದ ಎನ್ನುತ್ತಿದ್ದ. ಅಲ್ಲಿ ಮಾತ್ರ ಹೊಳಪಿನ ಲೇಪ ಇರುವುದಿಲ್ಲ, ಒಳಗಿನ ಮೈ ಕಾಣುತ್ತದೆ. ಅವನು ನಾಲಿಗೆಗೆ ಬೆರಳು ತಾಗಿಸಿ ಬಿರುಕು ಬಿಟ್ಟ ತಟ್ಟೆಯ ಪಾದಕ್ಕೆ ಒತ್ತಿದ. ಒದ್ದೆ ಕಣ್ಣೆದುರೇ ಇಂಗಿಹೋಯಿತು. ಆರರಲ್ಲಿ ಒಂದರ ಪಾದಕ್ಕೆ ಒತ್ತಿದ. ಒದ್ದೆ ಹಾಗೆಯೇ ನಿಂತಿತು.

“ಜನ ಎರಡಕ್ಕೂ ಪಿಂಗಾಣಿ ಅಂತಲೇ ಹೇಳುದು. ಇದು ಮಣ್ಣಿಗೆ ಅಂಗಿ ಹಾಕಿದ್ದು, ಇಂಗ್ಲೆಂಡಿಂದು. ಅಂಗಿ ಹರಿದ್ರೆ ಒಳಗೆ ಮಣ್ಣೇ. ಇದು ಚೀನಾದ್ದು. ಇದಕ್ಕೆ ಒಳಗೂ ಹೊರಗೂ ಒಂದೇ ಮೈ.”

ಆಮೇಲೆ ಅವನು ಒಂದೊಂದಾಗಿ ತೋರಿಸಿದ. ಇಂಗ್ಲೆಂಡಿನದರ ಚಿತ್ರವನ್ನು ಕಾಗದದಿಂದ ಅಂಟಿಸುತ್ತಾರೆ, ಅಂಚಿನ ಸುತ್ತ ಬೆರಳಾಡಿಸಿದರೆ ಎಲ್ಲಾದರೂ ಒಂದು ಕಡೆ ಎಲೆ ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ, ಅದೇ ಕಾಗದದ ಎರಡು ತುದಿ ಸೇರಿದ ಜಾಗ. ಹತ್ತು ತಟ್ಟೆ ಇಟ್ಟರೆ ಹತ್ತರಲ್ಲೂ ಹಕ್ಕಿ ಒಂದೇ ಕಡೆ ರೆಕ್ಕೆ ಎತ್ತಿರುತ್ತದೆ. ಕೈಯಲ್ಲಿ ಬರೆದದ್ದರಲ್ಲಿ ಹಾಗಿಲ್ಲ. ಕುಂಚ ನಿಂತಲ್ಲಿ ನೀಲಿ ಕಪ್ಪಾಗುತ್ತದೆ, ಓಡಿದಲ್ಲಿ ತಿಳಿಯಾಗುತ್ತದೆ, ಬರೆದವನ ಕೈ ನಡುಗಿದ್ದರೆ ಅದೂ ಕಾಣುತ್ತದೆ. ಬಿಸಿಲಿಗೆ ಹಿಡಿದರೆ ಹಿಂದಿನ ಬೆರಳ ನೆರಳು ಈಚೆ ಕಾಣಬೇಕು. ಮೂರು ಬೆರಳ ತುದಿಯಲ್ಲಿ ನಿಲ್ಲಿಸಿ ಉಗುರಿನಿಂದ ಮೀಟಿದರೆ ಘಂಟೆಯ ಹಾಗೆ ಹಾಡಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಧ್ವನಿ ನೆಗಡಿ ಬಂದ ಹಾಗೆ ಬರುತ್ತದೆ. ಅಡಿಯಲ್ಲಿ ಇಂಗ್ಲಿಷ್ ಅಕ್ಷರ ಅಚ್ಚಾಗಿದ್ದರೆ ಅದು ಹಳೆಯದಲ್ಲ. ಇಷ್ಟನ್ನೂ ಅವನು ನನ್ನ ಕಡೆ ನೋಡಿಕೊಂಡೇ ಹೇಳಿದ. ಅವ್ವ ಹೋದ ಮೇಲೆ ಒಬ್ಬ ದೊಡ್ಡವರು ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಆ ಆರು ತಟ್ಟೆಗಳಿಗೆ ಒಂದು ಬೆಲೆ ಹೇಳಿ, ಉಳಿದವು ಕೋಳಿಗೆ ನೀರಿಡಲು ಸಾಕು ಎಂದ. ಭಾಗಮಂಡಲದ ಕಡೆ ಹೋಗಿ, ಮುಂದಿನ ವಾರ ತಿರುಗಿ ಬರುತ್ತೇನೆ, ಆಗ ತೆಗೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟ. ದೊಡ್ಡಪ್ಪ ಹರಾಜಿನಲ್ಲಿ ಸುರಿದ ಹಣಕ್ಕೆ ಆ ಬೆಲೆ ಏನೇನೂ ಸಾಲದು. ಆ ವಾರವೆಲ್ಲ ದೊಡ್ಡವ್ವ ಊಟಕ್ಕೆ ಬಡಿಸುವಾಗ, ತಟ್ಟೆಲಿ ಹಾಕುದಾ, ಎಲೆಲಿ ಹಾಕುದಾ ಎಂದು ದೊಡ್ಡಪ್ಪನನ್ನು ಕೇಳುತ್ತಿದ್ದಳು. ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಅವತ್ತು ಬ್ಯಾರಿ ಗುಡ್ಡ ಇಳಿದು ಮರೆಯಾಗುವುದರೊಳಗೆ ನಾನು ಹಟ್ಟಿಯಲ್ಲಿದ್ದೆ. ಬಟ್ಟಲನ್ನು ಗೂಡಿನಿಂದ ಇಳಿಸಿ ಬೋರಲು ಮಾಡಿದೆ. ಪಾದ ಒರಟಾಗಿತ್ತು, ಅದರ ಅಂಚಿನಲ್ಲಿ ತುಕ್ಕಿನ ಬಣ್ಣದ ಒಂದು ಗೆರೆ ಇತ್ತು. ಬೆರಳಿನ ಒದ್ದೆ ಇಂಗಲಿಲ್ಲ. ಸಾಲದೆಂದು ನಾಲಿಗೆಯನ್ನೇ ತಾಗಿಸಿದೆ, ಅಂಟಲಿಲ್ಲ. ಬಾಗಿಲಿನ ಬಿಸಿಲಿಗೆ ಹಿಡಿದೆ. ನನ್ನ ಬೆರಳುಗಳ ನೆರಳು ದೋಣಿಯವನ ಹಿಂದೆ ನಾಲ್ಕು ಮರದ ಹಾಗೆ ನಿಂತಿತು. ಮೀಟಿದೆ. ಕಟ್ಟಿದ್ದ ಹಸು ಕಿವಿ ನಿಮಿರಿಸಿತು. ಎರಡು ವರ್ಷ ನೋಡಿದ ಆ ಬಟ್ಟಲಿನಲ್ಲಿ ಒಂದು ಹಕ್ಕಿಯ ಬಾಲ ಮಾತ್ರ ಕಪ್ಪಾಗಿದ್ದದ್ದು ಏಕೆಂದು ಆಗ ತಿಳಿಯಿತು. ಬರೆದವನು ಅಲ್ಲಿ ಕುಂಚ ಎತ್ತುವುದನ್ನು ಮರೆತು ಬೇರೆಲ್ಲೋ ನೋಡಿದ್ದ. ನನಗೆ ಅದರ ಬೆಲೆಯ ಯೋಚನೆ ಬರಲೇ ಇಲ್ಲ ಮಕ್ಕಳೇ. ತಲೆಯಲ್ಲಿ ಇದ್ದದ್ದು ಒಂದೇ, ಇದು ನೀರು ಕುಡಿಯುವುದಿಲ್ಲ, ಅಜ್ಜಿಯ ಲೆಕ್ಕದ ಪ್ರಕಾರವೇ ಇದು ಮಣ್ಣಲ್ಲ, ಹಾಗಾಗಿ ಇದು ಒಳಗೆ ಬರಬಹುದು. ಅಜ್ಜಿಗೆ ಆ ದಿನವೇ ಹೇಳಬಹುದಿತ್ತು. ಅವರು ಅಕ್ಕಿ ಆರಿಸುತ್ತ ಒಬ್ಬರೇ ಇದ್ದಾಗ ಎರಡು ಸಲ ಹತ್ತಿರ ಹೋಗಿ ನಿಂತೆ. ಎಂತ ಎಂದರು. ಎಂತ ಇಲ್ಲೆ ಎಂದು ಬಂದೆ. ನನ್ನ ಮಾತನ್ನು ಯಾರು ನಂಬುತ್ತಾರೆ, ಬ್ಯಾರಿ ಬರಲಿ, ಅವನ ಎದುರಿನಲ್ಲೇ ಎಲ್ಲರಿಗೂ ತೋರಿಸುತ್ತೇನೆ ಎಂದು ಕಾದೆ.

ಬ್ಯಾರಿ ಹೇಳಿದ ವಾರವೇ ಬಂದ. ದೊಡ್ಡಪ್ಪ ಆರು ತಟ್ಟೆ ತಂದಿಟ್ಟರು. ಅಜ್ಜಿ ಜಗಲಿಯ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದರು. ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಹಟ್ಟಿಯಿಂದ ಬಟ್ಟಲನ್ನು ಲಂಗದಲ್ಲಿ ಸುತ್ತಿಕೊಂಡು ಬಂದೆ, ಒಂದು ಕೈಯಲ್ಲಿ ನೀರು ತುಂಬಿದ ಮೂತಿಯ ಕಿಂಡಿ ಚೆಂಬು. ಬಿರುಕು ಬಿಟ್ಟ ಒಂದು ತಟ್ಟೆಯನ್ನೂ ಬಟ್ಟಲನ್ನೂ ಅಕ್ಕಪಕ್ಕ ಬೋರಲು ಹಾಕಿ ಎರಡರ ಪಾದಕ್ಕೂ ಒಂದೊಂದು ಹನಿ ನೀರು ಬಿಟ್ಟೆ. ತಟ್ಟೆಯ ಹನಿ ಇಂಗಿತು. ಬಟ್ಟಲಿನ ಹನಿ ಬಿಸಿಲಿನಲ್ಲಿ ಹೊಳೆಯುತ್ತ ನಿಂತಿತು.

“ಅಜ್ಜಿ, ಇದು ಮಣ್ಣಲ್ಲ,” ಎಂದೆ. “ನೋಡಿ. ನೀರು ಕುಡಿದಿಲ್ಲೆ.”

ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು. ಅಜ್ಜಿಯ ಕುಟ್ಟಾಣಿ ನಿಂತಿತು. ಅವರು ಏನಾದರೂ ಹೇಳುವ ಮೊದಲೇ ಬ್ಯಾರಿ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡ. ಅಷ್ಟು ಮಾತಾಡುವ ಮನುಷ್ಯ ಸುಮ್ಮನಾದ. ಪಾದ ನೋಡಿದ, ತುಕ್ಕಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ, ಬಿಸಿಲಿಗೆ ಹಿಡಿದ, ಮೀಟಿ ಕಿವಿಯ ಹತ್ತಿರ ತಂದು ಧ್ವನಿ ಪೂರ್ತಿ ಆರುವವರೆಗೆ ಕೇಳಿದ. ವ್ಯಾಪಾರಿ ಮಾತು ನಿಲ್ಲಿಸಿದರೆ ಅದರ ಅರ್ಥ ಏನೆಂದು ದೊಡ್ಡಪ್ಪನಿಗೆ ಗೊತ್ತಿತ್ತು.

“ಎಂತ ಬ್ಯಾರಿ? ಹೇಳು.”

“ಸುಳ್ಳು ಹೇಳುದಿಲ್ಲ ಗೌಡ್ರೆ. ಇದು ದೊರೆಯ ಪೆಟ್ಟಿಗೆಯದ್ದಲ್ಲ. ದೊರೆಯ ಅಜ್ಜ ಹುಟ್ಟುವ ಮೊದಲೇ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು. ಆ ಆರೂ ಸೇರಿದ್ರೂ ಇದರ ಮುಂದೆ ಇಲ್ಲ. ಇದನ್ನು ಕೊಡುದಾದ್ರೆ ನಿಮ್ಮ ಬೇಯಿಸಿದ ತಟ್ಟೆ ಎಲ್ಲವನ್ನೂ ಹೊತ್ತುಕೊಂಡು ಹೋಗ್ತೇನೆ. ನಿಮಗೆ ಹರಾಜಿನಲ್ಲಿ ಹೋದದ್ದು ಪೂರ್ತಿ ಬರ್ತದೆ.”

ದೊಡ್ಡಪ್ಪ ಬಾಗಿಲಿನ ಕಡೆ ನೋಡಿದರು. ದೊಡ್ಡವ್ವ ಮೊದಲ ಬಾರಿಗೆ ಕೊಂಕು ಆಡದೆ ನಿಂತಿದ್ದಳು. ದೊಡ್ಡಪ್ಪನ ಮುಖದಲ್ಲಿ ಆ ಒಂದು ವಾರದ ಊಟಗಳೆಲ್ಲ ಇದ್ದವು. ಅವರು ಕೆಟ್ಟವರಲ್ಲ. ಹಟ್ಟಿಯಲ್ಲಿ ಬಿದ್ದಿದ್ದ ಒಂದು ವಸ್ತುವಿನಿಂದ ಮನೆಯಲ್ಲಿ ಮತ್ತೆ ತಲೆ ಎತ್ತಿ ಉಣ್ಣಬಹುದು ಎಂದಾದರೆ ಯಾರಿಗೆ ಆಸೆಯಾಗುವುದಿಲ್ಲ?

“ಅವ್ವ, ಎರಡು ವರ್ಷ ಹಟ್ಟಿಲಿ ಇದ್ದದ್ದು. ನಮಗೆ ಬೇಕಾದ್ದಾಗಿದ್ರೆ ಒಳಗೆ ತರ್ತಿದ್ದೆವು ಅಲ್ಲವಾ? ಕೊಟ್ರೆ ಎಂತ?”

ಅಜ್ಜಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕುಟ್ಟಾಣಿಯ ಒಳಗೆ ನೋಡುತ್ತಿದ್ದರು. ಬ್ಯಾರಿ ಬಟ್ಟಲನ್ನು ಮೆಲ್ಲಗೆ ನನ್ನ ಮುಂದೆ ಇಟ್ಟ.

“ಇದು ಯಾರದ್ದು ಅಂತ ಮೊದಲು ಹೇಳಿ. ಯಾರದ್ದೋ ಅವರ ಕೈಯಿಂದಲೇ ನನಗೆ ಬರ್ಬೇಕು. ಕಣ್ಣೀರು ಬಿದ್ದ ಸಾಮಾನು ನನ್ನ ಚೀಲಕ್ಕೆ ಬೇಡ.”

“ಇವಳ ಅವ್ವಂದು,” ಎಂದರು ದೊಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿ, “ದೇವಕಿ, ಕೊಡು ಮಗಾ. ನಿಂಗೆ ಮಡಿಕೇರಿಂದ ಹೊಸ ಲಂಗ ತರ್ತೆ.”

ಎಲ್ಲರೂ ನನ್ನನ್ನು ನೋಡಿದರು. ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಕೊಡುವುದಿಲ್ಲ ಎಂದಿದ್ದರೆ ದೊಡ್ಡಪ್ಪ ಕಸಿದುಕೊಳ್ಳುತ್ತಿರಲಿಲ್ಲ, ಬ್ಯಾರಿ ಮುಟ್ಟುತ್ತಿರಲಿಲ್ಲ. ಇದು ನನಗೆ ಈಗ ಗೊತ್ತಿದೆ, ಆಗಲೂ ಗೊತ್ತಿತ್ತು ಎಂದೇ ಕಾಣುತ್ತದೆ. ಆದರೆ ನನ್ನಲ್ಲಿದ್ದ ಧೈರ್ಯವನ್ನೆಲ್ಲ ಆ ಮೊದಲ ಮಾತಿಗೆ ಖರ್ಚು ಮಾಡಿಬಿಟ್ಟಿದ್ದೆ. ನಾನು ಅಜ್ಜಿಯ ಮುಖ ನೋಡಿದೆ. ಅವರು ತಲೆ ಎತ್ತಲಿಲ್ಲ. ಮಣ್ಣಲ್ಲ ಎಂದು ತೋರಿಸಿದರೂ ಅವರಿಗೆ ಇದು ಒಳಗೆ ಬರುವುದು ಬೇಡ, ಹಾಗಾದರೆ ನನಗೆ ಇನ್ನು ಕೇಳಲು ಏನಿದೆ ಎಂದು ತಿಳಿದೆ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಬ್ಯಾರಿಗೆ ಕೊಟ್ಟೆ. ಕಣ್ಣೀರು ಬರಲಿಲ್ಲ, ಬಂದಿದ್ದರೆ ಅವನು ತೆಗೆದುಕೊಳ್ಳುತ್ತಿರಲಿಲ್ಲ. ಅವನು ಅದನ್ನು ತನ್ನ ತಲೆಯ ರುಮಾಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕದೆ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅಂಗಳದ ತುದಿಯಲ್ಲಿ ನಿಂತು ಒಮ್ಮೆ ತಿರುಗಿ ನೋಡಿದ, ನಾನು ಕರೆಯಬಹುದು ಎಂದೋ ಏನೋ.

ಮರುದಿನ ಬೆಳಿಗ್ಗೆ ನಾನು ಎದ್ದು ಹಟ್ಟಿಗೆ ಹೋದೆ. ಗೂಡಿನಲ್ಲಿ ಬಟ್ಟಲಿದ್ದ ಜಾಗ ಧೂಳಿನ ನಡುವೆ ದುಂಡಗೆ ಕಾಣುತ್ತಿತ್ತು. ಅಜ್ಜಿ ಹಾಲು ಕರೆಯುತ್ತಿದ್ದರು. ನಾನು ಬಂದದ್ದು ಗೊತ್ತಾಗಿರಬೇಕು. ಹಸುವಿನ ಪಕ್ಕೆಗೆ ಹಣೆ ಒತ್ತಿಕೊಂಡು, ಕರೆಯುವುದನ್ನು ನಿಲ್ಲಿಸದೆ, ಹಸುವಿಗೆ ಹೇಳುವಂತೆ ಹೇಳಿದರು.

“ಮಣ್ಣು ಅಂತ ಇಲ್ಲಿ ಇಟ್ಟದ್ದಲ್ಲ ಗೂಡೆ.”

ನಾನು ಹುಲ್ಲಿನ ಕಟ್ಟಿನಿಂದ ಇಳಿದು ಹತ್ತಿರ ಹೋದೆ.

“ನಿನ್ನ ಅವ್ವಂಗೆ ಕೊನೆಗೆ ಗಂಜಿ ನೀರು ಕುಡಿಸಿದ್ದು ನಾನು, ಅದ್ರಲ್ಲಿ. ಎರಡು ಗುಟುಕು ಕುಡಿದಳ್. ಮೂರನೇದು ಇಳಿದಿಲ್ಲೆ. ಒಳಗೆ ತಂದ್ರೆ ದಿನಾ ಯಾರಾದ್ರೂ ಅದ್ರಲ್ಲಿ ಉಂಬುದು ನೋಡೊಕು, ಅದು ನಂಗೆ ಆಗುದಿಲ್ಲೆ. ಎಸೆದ್ರೆ ಅವಳನ್ನೇ ಎಸೆದ ಹಾಂಗೆ. ಇಲ್ಲಿ ಆದ್ರೆ ಹಾಲು ಕರೆವಾಗ ಎರಡು ಹೊತ್ತು ನಾನೊಬ್ಬಳೇ ನೋಡ್ತಿದ್ದೆ.”

“ನಂಗೆ ಎಂತಕೆ ಹೇಳಿಲ್ಲೆ ಅಜ್ಜಿ?”

ಅಜ್ಜಿ ಹಾಲಿನ ಚೆಂಬನ್ನು ಪಕ್ಕಕ್ಕೆ ಸರಿಸಿದರು.

“ನೀ ಕೇಳಿಲ್ಲೆ.”

ಅದು ತಪ್ಪಿಸಿಕೊಳ್ಳುವ ಮಾತಲ್ಲ, ನಿಜವಾದ ಮಾತು. ಅಜ್ಜಿ ಹೋಗುತ್ತಿದ್ದದ್ದು ಬೆಳಿಗ್ಗೆ ಮತ್ತು ಸಂಜೆ, ನಾನು ಶಾಲೆ ಬಿಟ್ಟು ಬಂದ ಕೂಡಲೇ. ಎರಡು ವರ್ಷ ನಾವಿಬ್ಬರೂ ಒಂದೇ ಗೂಡಿನ ಮುಂದೆ, ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬೊಬ್ಬರೇ ನಿಂತಿದ್ದೆವು. ಒಂದು ಸಲ ನಾನು ಬಾಯಿ ಬಿಟ್ಟು, ಅಜ್ಜಿ, ಆ ಬಟ್ಟಲು ಬೇಕು ಎಂದಿದ್ದರೆ ನೀರಿನ ಹನಿಯೂ ಬೇಕಿರಲಿಲ್ಲ, ಬ್ಯಾರಿಯ ಸಾಕ್ಷಿಯೂ ಬೇಕಿರಲಿಲ್ಲ. ಅವರು ಒಂದು ಸಲ ಹೇಳಿದ್ದರೆ ನಾನು ಅದನ್ನು ಜಗಲಿಗೆ ತರುತ್ತಲೇ ಇರಲಿಲ್ಲ. ಆ ದಿನದ ನಂತರ ನಾವು ಹತ್ತಿರವಾದೆವು ಎಂದು ಬರೆಯಬೇಕೆಂದು ಆಸೆ. ಹಾಗೇನೂ ಆಗಲಿಲ್ಲ. ಅಜ್ಜಿ ಅಷ್ಟು ಮಾತನ್ನು ಮತ್ತೆಂದೂ ಆಡಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಆಮೇಲೆ ಮಳೆಗಾಲ ಬಂತು, ನನ್ನ ಶಾಲೆ ನಿಂತಿತು, ಕೆಲವು ವರ್ಷಕ್ಕೆ ಅಜ್ಜಿ ಹೋದರು. ನಾನು ಮದುವೆಯಾಗಿ ಈ ಮನೆಗೆ ಬಂದೆ. ಇಲ್ಲಿಯೂ ಬೇಕಾದದ್ದನ್ನು ಕೇಳದೆ, ಹೇಳಬೇಕಾದದ್ದನ್ನು ಹೇಳದೆ ಎಷ್ಟೋ ದಿನ ಕಳೆದಿದ್ದೇನೆ. ನಿಮ್ಮ ಅಜ್ಜ ಒಳ್ಳೆಯವರು. ನಿನಗೆ ಎಂತ ಬೇಕು ಎಂದು ಅವರು ಕೇಳುತ್ತಿದ್ದರು. ಅವರ ಕೊನೆಯ ದಿನದವರೆಗೂ ಎಂತ ಬೇಡ ಎಂದು ಹೇಳಿಯೇ ಅವರನ್ನು ಕಳಿಸಿಕೊಟ್ಟೆ.

ಧನ್ಯಾ, ನೀನು ಕಾರಿನಲ್ಲಿ ಕೇಳಿದೆ. ಕೇಳಿದವರಿಗೂ ಹೇಳದೆ ಹೋದರೆ ಅದು ನನ್ನ ಅಜ್ಜಿಯ ತಪ್ಪಿಗಿಂತ ದೊಡ್ಡ ತಪ್ಪು. ಈ ಹಾಳೆಗಳು ನಿನ್ನ ಹತ್ತಿರ ಇರಲಿ, ಚರಣ್ ಕೈಗೆ ಹೋದರೆ ಎಲ್ಲಿಯಾದರೂ ಬಿಟ್ಟು ಬರುತ್ತಾನೆ. ಪುಟ್ಟಿಗೆ ಈಗ ಪೂರ್ತಿ ಅರ್ಥವಾಗಲಿಕ್ಕಿಲ್ಲ, ದೊಡ್ಡವಳಾದ ಮೇಲೆ ಓದಿಸು. ಮೂವರೂ ಹಂಚಿಕೊಳ್ಳಬೇಡಿ, ಒಂದು ಕಡೆ ಕಟ್ಟಿಡಿ, ಇಲಿ ಗೆದ್ದಲು ಮುಟ್ಟದ ಹಾಗೆ ಇಡಿ. ಓದಿದ ಮೇಲೆ ಏನಾದರೂ ಕೇಳಬೇಕು ಎನಿಸಿದರೆ ನನ್ನ ಮುಖ ನೋಡಿಯೇ ಕೇಳಿ. ನಾನು ಕಿಟಕಿಯ ಕಡೆ ತಿರುಗಿದರೆ ಇನ್ನೊಂದು ಸಲ ಕೇಳಿ.